ಹೂ ಕಳಿಸಿದಳು, ಪ್ರಸಾದ ಮುಟ್ಟಲಿಲ್ಲ

ಕಳೆದ ವಾರ ಸೀತೂರಿನ ಮನೆಯಲ್ಲಿ ಕಂಬಳಿ ಹುಡುಕುತ್ತಾ ಗೀತಳ ಟ್ರಂಕು ತೆಗೆದೆ. ಮುಚ್ಚಳ ಎತ್ತಿದ್ದೇ ತಡ, ಸುರಗಿ ಹೂವಿನ ವಾಸನೆ ಮುಖಕ್ಕೆ ಬಂತು. ಗೀತ ನನ್ನ ಹೆಂಡತಿ. ತೀರಿಕೊಂಡು ಏಳೆಂಟು ವರ್ಷವಾಯಿತು. ಅವಳ ಸೀರೆಗಳ ಮೇಲೆ ಒಂದು ಹಿಡಿ ಒಣ ಹೂ ಇತ್ತು, ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಮಲ್ಲಿಗೆಯ ಆಯುಸ್ಸು ಒಂದು ದಿನದ್ದು. ಸುರಗಿ ಒಣಗಿದ ಮೇಲೂ ವರ್ಷಗಟ್ಟಲೆ ಹಟ ಹಿಡಿದು ಪರಿಮಳ ಬೀರುತ್ತದೆ. ಆ ಹೂವನ್ನು ಅಲ್ಲಿ ಇಟ್ಟವನು ನಾನೇ, ಇಡಲು ಹೇಳಿದವಳು ಶೇಷಕ್ಕ. ಟ್ರಂಕಿನ ಎದುರು ಹಾಗೆಯೇ ಕೂತುಬಿಟ್ಟೆ. ಶೇಷಕ್ಕನ ಬುಟ್ಟಿ ಹೊತ್ತು ತಿರುಗಿದ ಆ ಒಂದು ಬೇಸಗೆ ಪೂರ್ತಿ ನೆನಪಾಯಿತು.

ಆಗ ನಾನು ಖಾಸಗಿ ಬಸ್ಸೊಂದರ ಕಂಡಕ್ಟರ್. ನಮ್ಮದು ಹಾಲ್ಟಿಂಗ್ ಬಸ್ಸು. ಮೇಗುಂದದ ಕಡೆ, ರಸ್ತೆ ಮುಗಿಯುವಲ್ಲಿ ಒಂದು ಕಾಫಿ ಎಸ್ಟೇಟು ಇದೆ. ಅದರ ಗೇಟಿನ ಬಳಿ ರಾತ್ರಿ ನಿಲ್ಲುವುದು, ಬೆಳಗ್ಗೆ ಹೊರಟು ಕೊಪ್ಪ, ಸೀತೂರು, ಎನ್.ಆರ್.ಪುರ ಎಂದು ಸುತ್ತಿ ಸಂಜೆ ಮತ್ತೆ ಅದೇ ಗೇಟಿಗೆ ಬಂದು ಬೀಳುವುದು. ಮನೆಯಲ್ಲಿ ಕಾಯುವವರಿದ್ದರೆ ಯಾರೂ ಹಾಲ್ಟಿಂಗ್ ಟ್ರಿಪ್ ಕೇಳುವುದಿಲ್ಲ. ನಾನು ಮಾಲೀಕರ ಹತ್ತಿರ ಕೇಳಿ ಪಡೆದಿದ್ದೆ. ಗೀತ ಹೋಗಿ ಆಗ ಎರಡು ವರ್ಷವಾಗಿತ್ತು. ಎದೆ ಹಿಡಿದ ಹಾಗಾಗುತ್ತದೆ ಎಂದು ಗೋಡೆಗೆ ಒರಗಿ ಕೂತವಳು ಏಳಲೇ ಇಲ್ಲ. ನಮಗೆ ಮಕ್ಕಳಿರಲಿಲ್ಲ. ಮನೆಗೆ ಬೀಗ ಹಾಕಿ ಬಸ್ಸಿನಲ್ಲೇ ಸಂಸಾರ ಹೂಡಿದೆ.

ಆದರೆ ರೂಟು ನನ್ನನ್ನು ಬಿಡಬೇಕಲ್ಲ. ದಿನಕ್ಕೆರಡು ಸಲ ಬಸ್ಸು ನಮ್ಮ ಮನೆಯ ಎದುರೇ ಹೋಗುತ್ತಿತ್ತು. ಆ ತಿರುವು ಬಂದಾಗ ನನಗೆ ಹಿಂದಿನ ಸೀಟಿನವರ ಟಿಕೆಟ್ ನೆನಪಾಗುತ್ತಿತ್ತು, ಬ್ಯಾಗ್ ಎತ್ತಿಕೊಂಡು ಹಿಂದಕ್ಕೆ ನಡೆಯುತ್ತಿದ್ದೆ. ಡ್ರೈವರ್ ವಿಠಲಣ್ಣ ಬಾಯಿ ಮುಚ್ಚಿ ಕೂರುವ ಪೈಕಿಯಲ್ಲ, ಆದರೆ ಆ ತಿರುವಿನಲ್ಲಿ ಮಾತ್ರ ಏನೂ ಮಾತಾಡುತ್ತಿರಲಿಲ್ಲ, ಹಾರನ್ ಕೂಡ ಹೊಡೆಯುತ್ತಿರಲಿಲ್ಲ.

ದೇವರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗೀತ ಇದ್ದಾಗ ಮನೆಯಲ್ಲಿ ದೀಪ ಉರಿಯುತ್ತಿತ್ತು. ಮದುವೆಯಾದ ಹೊಸತರಲ್ಲಿ ಶೃಂಗೇರಿಗೆ ಹೋಗಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದ್ದೆವು. ಒಂದು ದೊಡ್ಡ ಮೀನು ಮೆಟ್ಟಿಲವರೆಗೆ ಬಂದದ್ದಕ್ಕೆ ಗೀತ ಅದು ನಿಮ್ಮನ್ನು ನೋಡಲು ಬಂತು ಎಂದು ನಕ್ಕಿದ್ದಳು. ಅವಳು ಹೋದ ಮೇಲೆ ನಾನು ದೇವರನ್ನು ಬೈಯಲಿಲ್ಲ, ಬೇಡಲೂ ಇಲ್ಲ. ಊರು ಬಿಟ್ಟು ಹೋದ ನೆರೆಮನೆಯವರು ಮೆಲ್ಲಗೆ ಮರೆತುಹೋಗುತ್ತಾರಲ್ಲ, ಅವನೂ ಹಾಗೇ ಮರೆತುಹೋಗಿದ್ದ.

ಮಲೆನಾಡಿನ ಬಸ್ಸುಗಳಲ್ಲಿ ಜನಕ್ಕಿಂತ ಸಾಮಾನಿನ ಪ್ರಯಾಣವೇ ಹೆಚ್ಚು. ಕೊಪ್ಪದಿಂದ ಮಾತ್ರೆ, ಯಾರದೋ ಅತ್ತೆಮನೆಗೆ ಹಲಸಿನ ಹಪ್ಪಳ, ರಿಪೇರಿಗೆ ಮಿಕ್ಸಿ, ಮೊಳಕೆ ಬಂದ ಶುಂಠಿ, ಎಲ್ಲವೂ ಕಂಡಕ್ಟರನ ಕೈ ದಾಟಿಯೇ ಹೋಗಬೇಕು. ಆ ಹಾಲ್ಟಿಗೆ ಸೇರಿದ ಮೊದಲ ಬೆಳಗ್ಗೆಯೇ ಎಸ್ಟೇಟಿನ ಕೂಲಿಯವರ ಲೈನ್ ಮನೆಯಿಂದ ಐವತ್ತು ದಾಟಿದ ಹೆಂಗಸೊಬ್ಬಳು ಬಾಳೆಲೆ ಮುಚ್ಚಿದ ಪುಟ್ಟ ಬುಟ್ಟಿ ಹಿಡಿದು ಬಂದಳು. ಹೊಳೆಗದ್ದೆ ಸ್ಟಾಪಿನಲ್ಲಿ ಭಟ್ರು ನಿಂತಿರುತ್ತಾರೆ, ಅವರ ಕೈಗೆ ಕೊಡಬೇಕು, ಮೇಲೆ ಯಾರ ಬ್ಯಾಗೂ ಇಡಬಾರದು ಎಂದಳು. ಅದೇ ಶೇಷಕ್ಕ. ಎಸ್ಟೇಟಿನಲ್ಲಿ ಕೂಲಿ ಕೆಲಸ, ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು.

ಹೊಳೆಗದ್ದೆ ಅಲ್ಲಿಂದ ಅರ್ಧ ಗಂಟೆಯ ದಾರಿ. ರಸ್ತೆಯಿಂದ ಮೆಟ್ಟಿಲಿಳಿದರೆ ಹೊಳೆಯ ದಂಡೆಯಲ್ಲಿ ಹಳೆಯ ಈಶ್ವರ ದೇವಸ್ಥಾನ. ಭಟ್ರು ಮೇಲೆ ಬಂದು ನಿಂತಿದ್ದರು, ಎಪ್ಪತ್ತು ದಾಟಿದ ಸಣಕಲು ಜೀವ. ಬುಟ್ಟಿ ತೆಗೆದುಕೊಂಡರು. ಸಂಜೆ ನಾವು ಮರಳುವಾಗ ಅದೇ ಬುಟ್ಟಿ ನನ್ನ ಕೈಗೆ ಬಂತು, ಒಳಗೆ ನೈವೇದ್ಯದ ಅನ್ನ, ಒಂದು ತುಂಡು ಬೆಲ್ಲ, ಬಿಲ್ವಪತ್ರೆ, ಚಿಟಿಕೆ ಭಸ್ಮ. ಗೇಟಿನ ಬಳಿ ಶೇಷಕ್ಕ ಕಾಯುತ್ತಿದ್ದಳು. ಬುಟ್ಟಿ ಕೊಟ್ಟೆ. ಎಲೆ ಎತ್ತಿ ಒಳಗೆ ಒಂದು ಸಲ ನೋಡಿದಳು. ಆಮೇಲೆ ಅನ್ನದ ಎಲೆಯನ್ನು ಬುಟ್ಟಿಯಿಂದ ಎತ್ತಿ ನನ್ನ ಕೈಗೇ ಕೊಟ್ಟಳು.

"ನಂಗೆ ಬೇಡ. ನೀನು ಉಣ್ಣು," ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಹೂ ಚೆಂದ ಕಾಣ್ತಿತ್ತಂತಾ ಅವನಿಗೆ?" ಎಂದು ಕೇಳಿದಳು.

ಅದೇ ದಿನಚರಿಯಾಯಿತು. ಬೆಳಗ್ಗೆ ಹೂ ಹೋಗುವುದು, ಸಂಜೆ ಪ್ರಸಾದ ಬರುವುದು, ಅವಳು ನೋಡುವುದು, ಬೇಡ ಎನ್ನುವುದು, ನಾನು ಉಣ್ಣುವುದು. ಹಾಲ್ಟಿಂಗ್ ಕಂಡಕ್ಟರನ ಅಡುಗೆಯೆಂದರೆ ಗೊತ್ತಲ್ಲ, ಒಂದು ದಿನ ಸಾರು ಮಾಡಿದರೆ ಮೂರು ದಿನ ಅದಕ್ಕೇ ನೀರು. ಆ ವರ್ಷ ನನ್ನ ಹೊಟ್ಟೆ ಹೊರೆದವನು ಹೊಳೆಗದ್ದೆಯ ಈಶ್ವರ. ಬೆಲ್ಟಿಗೆ ಹೊಸ ತೂತು ಹಾಕಬೇಕಾಯಿತು. ದೇವರಿಗೆ ಕೈ ಮುಗಿಯದವನನ್ನು ದೇವರೇ ಕರೆದು ಸಾಕುತ್ತಿದ್ದಾನೆ ಎಂದು ವಿಠಲಣ್ಣ ಗೇಲಿ ಮಾಡುತ್ತಿದ್ದ.

ಶೇಷಕ್ಕ ಯಾಕೆ ಹಾಗೆ ಎಂದು ಹೇಳಿದವನೂ ವಿಠಲಣ್ಣನೇ. ಅವಳು ಮೂಲದಲ್ಲಿ ಹೊಳೆಗದ್ದೆಯವಳು, ದೇವಸ್ಥಾನದ ಎದುರಿನ ಗುಡಿಸಲಿನವಳು. ಬಹಳ ವರ್ಷ ಮಕ್ಕಳಾಗಲಿಲ್ಲ. ಮಗುವಾದರೆ ಅದರ ಕೈಯಿಂದಲೇ ನಿನಗೆ ಹೂ ಎಂದು ಈಶ್ವರನಿಗೆ ಹರಕೆ ಹೊತ್ತಳು. ಚೈತ್ರ ಹುಟ್ಟಿದಳು. ನಡೆಯಲು ಕಲಿತಾಗಿನಿಂದ ಆ ಹುಡುಗಿಯೇ ದೇವರಿಗೆ ಹೂ ಕೊಯ್ದು ಕೊಟ್ಟವಳು. ಇಪ್ಪತ್ತು ತುಂಬಿದ ವರ್ಷ, ಸುರಗಿಯ ಕಾಲದಲ್ಲಿ, ಕಾಡಂಚಿನ ಮರದಿಂದ ಮೊಗ್ಗು ತರಲು ಹೋದವಳಿಗೆ ಉಣ್ಣಿ ಕಚ್ಚಿತು. ಮಂಗನ ಕಾಯಿಲೆ. ನಮ್ಮ ಕಡೆ ಬೇಸಗೆ ಎಂದರೆ ಆ ಜ್ವರದ ಭಯ, ಕಾಡಿಗೆ ಹೋಗುವವರೆಲ್ಲ ಉಣ್ಣಿ ಹತ್ತದ ಹಾಗೆ ಮೈಗೆ ಎಣ್ಣೆ ಬಳಿದುಕೊಂಡೇ ಹೋಗುವುದು. ಅವಳೂ ಬಳಿದುಕೊಂಡೇ ಹೋಗಿದ್ದಳಂತೆ. ಆದರೂ ಉಳಿಯಲಿಲ್ಲ. ದೇವರ ಹೂವಿಗೆ ಹೋದವಳು ದೇವರ ಪಾದಕ್ಕೇ ಸೇರಿದಳು ಎಂದು ಊರವರು ಸಮಾಧಾನ ಹೇಳಿದರು. ಆ ಸಮಾಧಾನ ಕೇಳಲಾರದೆ ಶೇಷಕ್ಕ ಊರು ಬಿಟ್ಟು ಈ ಎಸ್ಟೇಟು ಸೇರಿದಳು. ಹೂ ಕಳಿಸುವುದನ್ನು ಮಾತ್ರ ಬಿಡಲಿಲ್ಲ. ಗೋರಟೆಯ ಕಾಲಕ್ಕೆ ಗೋರಟೆ, ಕೇಪಳದ ಕಾಲಕ್ಕೆ ಕೇಪಳ, ಸುರಗಿ ಬಂದಾಗ ಎಸ್ಟೇಟಿನೊಳಗಿನ ಮರದ ಸುರಗಿ.

ಈ ಕಥೆ ಕೇಳಿದ ಮೇಲೆ ಬುಟ್ಟಿಯ ತೂಕ ಬೇರೆಯಾಯಿತು. ನಾನು ಅದನ್ನು ಎಂಜಿನ್ ಪೆಟ್ಟಿಗೆಯ ಪಕ್ಕ ಇಡುವುದು ಬಿಟ್ಟು ನನ್ನ ಸೀಟಿನಲ್ಲೇ ಇಡತೊಡಗಿದೆ. ನಮ್ಮ ಕಡೆ ದಾಯಾದಿಗಳು ಜಗಳವಾಡಿದರೆ ಮೊದಲು ನಿಲ್ಲುವುದು ಊಟ. ಅವರ ಮನೆಯ ಅನ್ನ ಮುಟ್ಟುವುದಿಲ್ಲ ಎಂದರೆ ಮಾತು ಮುಗಿಯಿತು. ಆದರೆ ಅವರ ಮನೆಯಲ್ಲಿ ಮದುವೆ ಎಂದಾಗ ಚಪ್ಪರಕ್ಕೆ ಕೈ ಹಾಕದೆ ಇರುವುದಿಲ್ಲ, ಕೆಲಸ ಮುಗಿಸಿ ಉಣ್ಣದೆ ಬರುತ್ತಾರೆ. ಶೇಷಕ್ಕ ದೇವರ ಜೊತೆ ಹೂಡಿದ್ದು ಅಂಥ ಜಗಳ. ನಾನು ಇಬ್ಬರ ನಡುವಿನ ಟಪಾಲು.

ಟಪಾಲಿನವನಿಗೆ ಎರಡೂ ಕಡೆಯ ಮನಸ್ಸು ತಿಳಿಯುತ್ತದೆ. ಭಟ್ರು ಸಂಜೆ ಬುಟ್ಟಿ ಕೊಡುವಾಗ, ತಗೊಂಡ್ಲಾ ನಿನ್ನೆ, ಎಂದು ಕಣ್ಣಲ್ಲೇ ಕೇಳುತ್ತಿದ್ದರು. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಹಾಗಿದ್ದ ಮೇಲೆ ದಿನಾ ಯಾಕೆ ಕಳಿಸುತ್ತೀರಿ ಎಂದು ಒಮ್ಮೆ ಕೇಳಿದ್ದಕ್ಕೆ, ಹೂ ಬರುವ ತನಕ ಪ್ರಸಾದ ಹೋಗಬೇಕು, ಅದು ಲೆಕ್ಕ ಎಂದರು. ಸ್ವಲ್ಪ ತಡೆದು, "ನಾನು ಇರೋವಾಗ ಒಂದ್ಸಲ ತಗೊಂಡ್ರೆ ಸಾಕಿತ್ತು ಮಾರಾಯ. ಆ ಹುಡುಗಿಯ ಕೈಯಿಂದ ಹೂ ಈಸ್ಕೊಂಡೋನು ನಾನು," ಎಂದರು. ಅವರ ಬಾಯಿಂದ ಆ ಮಾತು ಬಂದ ದಿನದಿಂದ ನನಗೂ ಅದೇ ಚಿಂತೆಯಾಯಿತು. ಶೇಷಕ್ಕ ಒಂದು ದಿನ ಕೈ ಚಾಚುತ್ತಾಳೋ ಇಲ್ಲವೋ. ಎರಡು ವರ್ಷದಲ್ಲಿ ನಾಳೆ ಏನಾಗುತ್ತದೋ ಎಂದು ನಾನು ಯೋಚಿಸಿದ್ದು ಅದೊಂದೇ ವಿಷಯಕ್ಕೆ.

ಇತ್ತ ಶೇಷಕ್ಕನ ವಿಚಾರಣೆಗಳೂ ಕಡಿಮೆಯಿರಲಿಲ್ಲ. ದೀಪಕ್ಕೆ ಎಣ್ಣೆ ಸಾಕಷ್ಟು ಹಾಕುತ್ತಾರಂತಾ, ಭಟ್ರಿಗೆ ಕಣ್ಣು ಸರಿ ಕಾಣುವುದಿಲ್ಲ, ಬತ್ತಿ ಹೊಸೆಯುವವರು ಯಾರು, ಹಿಂದಿನ ಗೋಡೆ ಸೋರುತ್ತಿತ್ತು, ರಿಪೇರಿಯಾಯಿತಾ. ಇಷ್ಟು ಅಕ್ಕರೆ ಇರುವವಳು ಹೋಗಿ ನೋಡಿಯೇ ಬರಬಾರದಾ ಎಂದರೆ ಮುಖ ತಿರುಗಿಸುತ್ತಿದ್ದಳು. ಅವನ ಮುಖ ನೋಡಲು ತನಗೇನೂ ಆತುರವಿಲ್ಲ ಎನ್ನುತ್ತಿದ್ದಳು.

ಶಿವರಾತ್ರಿ ಕಳೆದು ಸುರಗಿ ಮರ ಮೈತುಂಬ ಮೊಗ್ಗಾಗಿದ್ದ ಸಮಯ. ಒಂದು ಬೆಳಗ್ಗೆ ಬಸ್ಸು ಹೊರಟು ಸ್ವಲ್ಪ ದೂರ ಬಂದಿದ್ದೇವೆ, ಹೊಳೆಗದ್ದೆಯ ರಸ್ತೆಗೆ ಅಡ್ಡಲಾಗಿ ಕಲ್ಲು ಇಟ್ಟು ಕೆಂಪು ಬಟ್ಟೆ ಕಟ್ಟಿದ್ದಾರೆ. ಹಳೆಯ ಮೋರಿ ಕಿತ್ತು ಹೊಸದು ಕಟ್ಟುವ ಕೆಲಸ. ಮುಗಿಯುವ ತನಕ ಬಸ್ಸು ಇನ್ನೊಂದು ದಾರಿಯಲ್ಲಿ ಸುತ್ತಿ ಹೋಗಬೇಕು ಎಂದರು. ಸೀಟಿನ ಮೇಲೆ ಬುಟ್ಟಿ. ಎಲೆಯ ಸಂದಿಯಿಂದ ಸುರಗಿ ಅರಳಿ ಬಸ್ಸಿಡೀ ಪರಿಮಳ. ಹೊಸ ದಾರಿಯಲ್ಲಿ ಒಂದು ಅಮ್ಮನವರ ಗುಡಿ ಸಿಕ್ಕಿತು. ಬಾಡಿಸಿ ಎಸೆಯುವುದಕ್ಕಿಂತ ಒಂದು ದೇವರ ತಲೆ ಸೇರಲಿ ಎಂದುಕೊಂಡು ಇಳಿದು ಅಲ್ಲಿನ ಪೂಜಾರಿಗೆ ಕೊಟ್ಟೆ. ಅವರಿಗೆ ಖುಷಿಯೋ ಖುಷಿ. ಸಂಜೆ ಬುಟ್ಟಿಯಲ್ಲಿ ಸಿಹಿ ಅವಲಕ್ಕಿ, ಕುಂಕುಮ ಹಾಕಿ ಕೊಟ್ಟರು. ಹೇಗೂ ಉಣ್ಣುವವನು ನಾನು, ಶೇಷಕ್ಕನಿಗೆ ಮೋರಿಯ ವಿಷಯ ಹೇಳಿದರಾಯಿತು ಎಂದುಕೊಂಡೆ.

ಗೇಟಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಅವಳು ಎಲೆ ಎತ್ತಿದ್ದಳು. ಕುಂಕುಮ ನೋಡಿ ಮುಖ ಬಿಗಿಯಾಯಿತು.

"ಇದು ಯಾರ ಮನೆಯದು?" ಎಂದಳು.

ನಡೆದದ್ದು ಹೇಳಿದೆ. ಜಾಣನ ಹಾಗೆ, ದೇವನೊಬ್ಬ ನಾಮ ಹಲವು ಎಂತಲೂ ಸೇರಿಸಿದೆ.

"ಹೆಂಡತಿಗೆ ಅಂತ ತಂದ ಸೀರೆ ಪಕ್ಕದ ಮನೆಯವಳಿಗೆ ಕೊಟ್ಟು, ಹೆಂಗಸರೆಲ್ಲ ಒಂದೇ ಅಂತೀಯಾ?" ಎಂದಳು. ವಿಠಲಣ್ಣ ಬಸ್ಸಿನ ಹಿಂದೆ ಹೋಗಿ ನಕ್ಕ. ಅವಳು ನಗಲಿಲ್ಲ. "ಆ ಅಮ್ಮ ನಂಗೆ ಏನು ಮಾಡಿದಾಳೆ, ಒಳ್ಳೇದೂ ಮಾಡ್ಲಿಲ್ಲ, ಕೆಟ್ಟದ್ದೂ ಮಾಡ್ಲಿಲ್ಲ. ನನ್ನ ಮಗಳನ್ನ ಕೊಟ್ಟೋನು ಅವನು, ಕಿತ್ಕೊಂಡೋನು ಅವನು. ನನ್ನ ಹೂ ಅವನಿಗೇ ಹೋಗ್ಬೇಕು. ಅದನ್ನ ನೋಡಿದಾಗೆಲ್ಲ ಅವನಿಗೆ ನೆನಪಾಗ್ಬೇಕು."

ಆ ಸಂಜೆ ಬುಟ್ಟಿಯನ್ನು ಬೂದಿ ಹಾಕಿ ತೊಳೆದಳು. ಮರುದಿನ, ಅದರ ಮರುದಿನ, ಹೂ ಬರಲಿಲ್ಲ. ಎಸ್ಟೇಟಿನ ಮರದ ಕೆಳಗೆ ಸುರಗಿ ಉದುರಿ ಬಿದ್ದಿತ್ತು. ಶೇಷಕ್ಕ ಕೆಲಸಕ್ಕೆ ಹೋಗುವಾಗ ನಮ್ಮ ಬಸ್ಸಿನತ್ತ ನೋಡುತ್ತಿರಲಿಲ್ಲ. ನಾಲ್ಕನೆಯ ದಿನವಿರಬೇಕು, ಬಂದು ನಿಂತು, ಒಳದಾರಿಯಲ್ಲಿ ನಡೆದರೆ ಹೊಳೆಗದ್ದೆ ದೂರವಿಲ್ಲ, ಆದಿತ್ಯವಾರ ತಾನೇ ಹೋಗಿ ಕೊಡುತ್ತೇನೆ ಎಂದಳು. ಒಳದಾರಿ ಎಂದರೆ ಕಾಡು. ಮಗಳು ಹೋದ ಮೇಲೆ ಅವಳು ಆ ಕಾಡಿಗೆ ಕಾಲಿಟ್ಟವಳಲ್ಲ. ಅವತ್ತು ನನಗೂ ರಜೆ ಇದೆ, ಜೊತೆಗೆ ಬರುತ್ತೇನೆ ಎಂದೆ. ರಜೆ ಇರಲಿಲ್ಲ. ಬದಲಿ ಕಂಡಕ್ಟರನನ್ನು ಆಮೇಲೆ ಹುಡುಕಿದೆ.

ಕಾಲಿಗೆ, ಕೈಗೆ ಎಣ್ಣೆ ಬಳಿದುಕೊಂಡು ಬೆಳಗ್ಗೆಯೇ ಹೊರಟೆವು. ಅವಳ ಕೈಯಲ್ಲಿ ಬುಟ್ಟಿ, ನನ್ನ ಕೈಯಲ್ಲಿ ದಾರಿ ಬಿಡಿಸಲು ಕತ್ತಿ. ಒಣಗಿದ ತರಗೆಲೆಯ ಮೇಲೆ ನಮ್ಮ ಹೆಜ್ಜೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನೇ ಸುಮ್ಮನಿರಲಾರದೆ ಗೀತಳ ವಿಷಯ ತೆಗೆದೆ. ಅವಳು ಹೋದದ್ದು, ಮನೆಗೆ ಬೀಗ ಹಾಕಿದ್ದು, ಆ ತಿರುವು ಬಂದಾಗ ಹಿಂದಿನ ಸೀಟಿಗೆ ಹೋಗುವುದು. ಯಾರಿಗೂ ಹೇಳಿರಲಿಲ್ಲ.

ನೀನು ದೇವರಿಗೆ ಏನಂದೆ ಎಂದು ಶೇಷಕ್ಕ ಕೇಳಿದಳು. ಏನೂ ಅನ್ನಲಿಲ್ಲ ಎಂದೆ. ಅವಳು ನಿಂತು ನನ್ನ ಮುಖ ನೋಡಿದಳು. ಜ್ವರ ಬಂದವರ ಹಣೆ ಮುಟ್ಟಿ ನೋಡುವವರ ಮುಖ ಇರುತ್ತದಲ್ಲ, ಹಾಗಿತ್ತು ಅವಳ ಮುಖ.

"ಎರಡು ವರ್ಷ ಒಂದು ಬೈಗುಳನೂ ಇಲ್ವಾ?" ಎಂದಳು. "ಅದು ಒಳ್ಳೇದಲ್ಲ ಮಾರಾಯ. ನಂಗಿಂತ ನಿನ್ನದು ಕಷ್ಟ."

ಮುಂದೆ ದಾರಿ ತಿರುಗುವಲ್ಲಿ ಆ ಮರವಿತ್ತು. ಹೇಳಬೇಕಾಗಿರಲಿಲ್ಲ, ಅವಳ ನಡಿಗೆಯೇ ಹೇಳಿತು. ಚೈತ್ರ ಹೋದ ಮೇಲೆ ಯಾರೂ ಕೊಯ್ಯದ ಸುರಗಿ. ಕೊಂಬೆಯ ಉದ್ದಕ್ಕೂ ಹೂ ಅಂಟಿಕೊಂಡಿತ್ತು, ನೆಲ ಕಾಣದಷ್ಟು ಉದುರಿತ್ತು, ಜೇನಿನ ಗುಂಯ್‌ ಸದ್ದು. ಶೇಷಕ್ಕ ಬುಡದಲ್ಲಿ ಕೂತಳು. ಅತ್ತಳು. ನಾನು ಸ್ವಲ್ಪ ದೂರ ಹೋಗಿ ನಿಂತೆ. ಗೀತ ಹೋದಾಗ ನಾನು ಹಾಗೆ ಅತ್ತಿರಲಿಲ್ಲ ಎಂದು ಅಲ್ಲಿ ನಿಂತು ನೆನಪಾಗಿ, ಅವಳನ್ನು ಕಂಡು ಹೊಟ್ಟೆಕಿಚ್ಚಾಯಿತು. ನಿಜವಾಗಿಯೂ ಹೊಟ್ಟೆಕಿಚ್ಚೇ.

ಆಮೇಲೆ ಅವಳು ನೆಲದ ಹೂ ಆಯ್ದು ಸೆರಗಿಗೆ ಹಾಕಿಕೊಂಡಳು. ನೆಲಕ್ಕೆ ಬಿದ್ದ ಹೂ ದೇವರಿಗೆ ಆಗುವುದಿಲ್ಲ ಎಂದು ನನಗೂ ಗೊತ್ತು. ನಾನು ಬಾಯಿ ತೆರೆಯುವ ಮೊದಲೇ, ಇದು ಅವನಿಗಲ್ಲ, ಚೈತ್ರನಿಗೆ ಎಂದಳು. ಹಾಗೆ ಆಯುತ್ತಲೇ ಅನ್ನದ ವಿಷಯ ಹೇಳಿದಳು.

ನಮ್ಮ ಊರುಗಳಲ್ಲಿ ಒಂದು ಪದ್ಧತಿ ಇದೆ. ದೇವಸ್ಥಾನದ ಸೀಮೆಯೊಳಗೆ ಹೆಣವಿದ್ದರೆ ಅದನ್ನು ಎತ್ತುವ ತನಕ ದೇವರ ಬಾಗಿಲು ತೆರೆಯುವುದಿಲ್ಲ. ಪೂಜೆ ಇಲ್ಲ, ನೈವೇದ್ಯ ಇಲ್ಲ. ಚೈತ್ರ ಹೋದ ದಿನವೂ ಬಾಗಿಲು ಹಾಕಿದ್ದರಂತೆ.

"ಮಧ್ಯಾಹ್ನ ಸುಟ್ಟು ಬಂದ್ರು," ಎಂದಳು ಶೇಷಕ್ಕ. "ಸಂಜೆ ಗಂಟೆ ಹೊಡೀತು. ನಾನು ಗುಡಿಸಲಲ್ಲಿ ಮಲಗಿದೋಳು ಕೇಳಿಸ್ಕೊಂಡೆ. ಹುಟ್ಟಿದಾಗಿಂದ ಅವನಿಗೆ ಹೂ ಕೊಟ್ಟೋಳ ಬೂದಿ ಇನ್ನೂ ಆರಿರ್ಲಿಲ್ಲ, ಅವನು ಉಂಡ. ಒಂದು ಹೊತ್ತು ಬಿಡಬಾರ್ದಿತ್ತಾ? ಅವತ್ತಿಂದ ಅವನ ಅನ್ನ ನಂಗೆ ಬೇಡ."

ಇಷ್ಟು ದಿನ ದಿನವೂ ಆ ಅನ್ನ ಉಂಡವನು ನಾನು. ತಲೆ ತಗ್ಗಿಸಿ ಮುಂದೆ ನಡೆದೆ.

ಭಟ್ರು ಅಂಗಳದಲ್ಲಿ ದರ್ಭೆ ಒಣಗಿಸುತ್ತಿದ್ದರು. ನಮ್ಮನ್ನು ಕಂಡವರು ಕೈ ಕಾಲು ತೊಳೆದುಕೊಂಡು ಒಳಗೆ ಹೋಗಿ ದೀಪದ ಬತ್ತಿ ಎತ್ತಿದರು. ಶೇಷಕ್ಕ ಹೊರಗಿನ ಕಲ್ಲುಕಂಬದ ಹತ್ತಿರ ನಿಂತಳು. ಗರ್ಭಗುಡಿಯಲ್ಲಿ ಲಿಂಗದ ಮೇಲೆ ಒಂದೆರಡು ಬಿಲ್ವಪತ್ರೆ ಬಿಟ್ಟರೆ ಏನೂ ಇರಲಿಲ್ಲ. ಅವಳು ಬಹಳ ಹೊತ್ತು ನೋಡಿದಳು.

"ಎಂತ ಹೀಗೆ ಬೋಳಾಗಿ ಕೂತಿದೀಯ," ಎಂದಳು. ಸಿಟ್ಟಿನಲ್ಲಿ ಹೇಳಲು ಹೊರಟ ಮಾತು, ಅರ್ಧಕ್ಕೆ ಬರುವಾಗ ಮೆತ್ತಗಾಗಿತ್ತು. ಬುಟ್ಟಿಯನ್ನು ಭಟ್ರ ಕೈಗೆ ಕೊಟ್ಟಳು. ಅವರು ಅದರೊಳಗಿದ್ದ ಸುರಗಿಯ ಮಾಲೆ ತೆಗೆದು ಲಿಂಗಕ್ಕೆ ಇಟ್ಟರು. ಉದ್ದ ಸರಿಯಾಗಿತ್ತು, ಎರಡು ಸುತ್ತು ಬಂದು ಪೀಠಕ್ಕೆ ತಾಗಿತು. ಅವಳು ಕಣ್ಣು ತುಂಬ ನೋಡಿದಳು, ನನ್ನ ಕಡೆ ತಿರುಗಿ ಹೌದಲ್ವಾ, ಚೆಂದ ಕಾಣ್ತದೆ ಎನ್ನುವ ಹಾಗೆ ತಲೆಯಾಡಿಸಿದಳು. ನಂತರ ಮತ್ತೆ ಅವನ ಕಡೆ ತಿರುಗಿದಳು.

"ನೀನು ಮಾಡಿದ್ದು ಸರಿಯಲ್ಲ. ನಾನು ಸಾಯೋ ತನಕ ನಂಗೆ ಅದು ಸರಿ ಕಾಣಲ್ಲ. ಯಾರು ಬಂದು ಏನು ಹೇಳಿದ್ರೂ ಕಾಣಲ್ಲ," ಎಂದಳು. ಉಸಿರು ತೆಗೆದುಕೊಂಡು, "ಹೂ ಮಾತ್ರ ತಪ್ಪಲ್ಲ," ಎಂದಳು.

ಭಟ್ರು ಎಲ್ಲಿ ಶಾಸ್ತ್ರ ತೆಗೆಯುತ್ತಾರೋ ಎಂದು ನಾನು ಹೆದರಿದ್ದೆ. ಅವರು ತೀರ್ಥದ ಉದ್ಧರಣೆ ಹಿಡಿದು ಹೊರಗೆ ಬಂದು ಅವಳ ಎದುರು ನಿಂತರು. "ನಾನು ಅವನ ಪೂಜೆ ಮಾಡೋನು ಶೇಷಮ್ಮ. ಅವನ ಪರ ವಕಾಲತ್ತು ಮಾಡೋನಲ್ಲ. ತೀರ್ಥ ತ‌ಗೊಳ್ತೀಯಾ?" ಎಂದರು.

ಶೇಷಕ್ಕ ಅವರ ಕೈ ನೋಡಿದಳು. ಅವಳ ಬಲಗೈ ಸೆರಗಿನೊಳಗೆ ಇತ್ತು, ಅಲ್ಲಿ ಮಗಳ ಹೂ ಇತ್ತು. ಆ ಕೈ ಈಚೆ ಬರಲಿಲ್ಲ. ನಾನು ಮನಸ್ಸಿನಲ್ಲೇ, ಒಂದು ಸಲ, ಒಂದೇ ಸಲ, ಎಂದು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆ ಎಂದು ಆಮೇಲೆ ಯೋಚಿಸಿದೆ. ಅವಳು ಇಲ್ಲವೆಂದು ತಲೆಯಾಡಿಸಿದಳು. ಭಟ್ರು ತಲೆ ಬಗ್ಗಿಸಿದರು. ಆಗ ಅವಳು ನನ್ನನ್ನು ಮುಂದಕ್ಕೆ ತಳ್ಳಿದಳು. ಇವನಿಗೆ ಕೊಡಿ, ಇವನು ಹೆಂಡತಿ ಸತ್ತದ್ದಕ್ಕೆ ದೇವರನ್ನು ಇನ್ನೂ ಏನೂ ಕೇಳಿಯೇ ಇಲ್ಲ ಎಂದಳು.

ಕೈ ಚಾಚಿದೆ. ತೀರ್ಥ ತಣ್ಣಗಿತ್ತು, ಬಿಲ್ವದ ವಾಸನೆ. ಅದನ್ನು ಕುಡಿದು ಗರ್ಭಗುಡಿಯ ಕಡೆ ನೋಡಿದಾಗ ಎರಡು ವರ್ಷದ ಸಿಟ್ಟು ಒಟ್ಟಿಗೆ ಬಂತು. ನಾನು ಏನೇನು ಅಂದೆ ಎಂದು ಇಲ್ಲಿ ಬರೆಯುವುದಿಲ್ಲ. ಗೀತ ಅವನಿಗೆ ಹಚ್ಚಿದ ದೀಪಗಳನ್ನೆಲ್ಲ ಎಣಿಸಿ ಕೇಳಿದೆ ಎಂದರೆ ಸಾಕು. ಭಟ್ರು, ಶೇಷಕ್ಕ ಇಬ್ಬರೂ ಹೊಳೆಯ ಕಡೆ ಹೋಗಿ ನಿಂತಿದ್ದರು. ಮುಗಿಸಿ ಹೊರಗೆ ಬಂದಾಗ ಮೈ ಹಗುರಾಗಿರಲಿಲ್ಲ, ಬದಲಿಗೆ ಗೀತ ಇಲ್ಲ ಎನ್ನುವುದು ಅವತ್ತೇ ಆದ ಹಾಗೆ ಇತ್ತು. ಆದರೆ ಬೀಗ ಹಾಕಿ ಕೂತವನಿಗೆ ಅಷ್ಟಾದರೂ ಆಯಿತಲ್ಲ.

ಮರಳುವಾಗ ಶೇಷಕ್ಕ ಸೆರಗಿನ ಹೂವಿನಲ್ಲಿ ಅರ್ಧ ತೆಗೆದು ನನ್ನ ಟವೆಲಿಗೆ ಸುರಿದಳು. ಮನೆ ಬಾಗಿಲು ತೆಗೆದು ನಿನ್ನ ಹೆಂಡತಿಯ ಬಟ್ಟೆಯ ಮೇಲೆ ಇಡು, ಅವಳಿಗೂ ಯಾರಾದರೂ ಹೂ ಕೊಡಬೇಕಲ್ಲ ಎಂದಳು. ಮಾರನೆಯ ದಿನ ಸೀತೂರಿನ ತಿರುವಿನಲ್ಲಿ ನಾನೇ ಹೋಲ್ಡಾನ್ ಎಂದೆ. ವಿಠಲಣ್ಣ ಬಸ್ಸು ನಿಲ್ಲಿಸಿ, ಯಾರೂ ಇಳಿಯುವವರಿಲ್ಲವಲ್ಲ ಎಂದು ಕನ್ನಡಿಯಲ್ಲಿ ನೋಡಿದ. ನಾನು ಇಳಿದು ಬೀಗ ತೆಗೆದು, ಹೂ ಇಟ್ಟು ಬಂದೆ. ಪ್ರಯಾಣಿಕರು ಗೊಣಗಿದರು. ವಿಠಲಣ್ಣ ಅವರಿಗೆ ಎಂಜಿನ್ ಬಿಸಿಯಾಗಿದೆ ಎಂದಿದ್ದನಂತೆ.

ಮೋರಿ ಮುಗಿಯಿತು. ಬಸ್ಸು ಹಳೆಯ ದಾರಿ ಹಿಡಿಯಿತು, ಬುಟ್ಟಿಯೂ. ಪ್ರಸಾದ ಬರುವುದು, ಅವಳು ನೋಡುವುದು, ಬೇಡ ಎನ್ನುವುದು ಮೊದಲಿನಂತೆಯೇ ನಡೆಯಿತು. ಕಾಡಿನಲ್ಲಿ ಆ ಮಾತು ಕೇಳಿದ ಮೇಲೆ ನನಗೆ ಅನ್ನ ಉಣ್ಣಲು ಮನಸ್ಸು ಬರಲಿಲ್ಲ. ಅದನ್ನೂ ಅವಳೇ ಸರಿಮಾಡಿದಳು. ಜಗಳ ನನ್ನದು, ನೀನು ಯಾಕೆ ಹಸಿದುಕೊಂಡು ಕೂರುತ್ತೀಯ ಎಂದು ಗದರಿದಳು. ಸುರಗಿ ಮುಗಿಯಿತು. ಒಂದು ಮಳೆ ಬಿದ್ದು ಕಾಫಿ ಹೂವಾಯಿತು, ಬೆಟ್ಟವೆಲ್ಲ ಬೆಳ್ಳಗೆ. ಅದರ ಹಿಂದೆಯೇ ಮಾಲೀಕರು ನನ್ನನ್ನು ಕೊಪ್ಪ ಬಸ್ ಸ್ಟ್ಯಾಂಡಿನಲ್ಲಿ ಏಜೆಂಟ್ ಕೆಲಸಕ್ಕೆ ಹಾಕಿದರು. ರಾತ್ರಿ ಮನೆಗೆ ಹೋಗಬಹುದಾದ ಕೆಲಸ. ಬೇಡ ಎನ್ನಲಿಲ್ಲ. ಕೊನೆಯ ಸಂಜೆ ಶೇಷಕ್ಕನ ಕೈಗೆ ಬುಟ್ಟಿ ಕೊಟ್ಟು ವಿಷಯ ಹೇಳಿದೆ. ಅವಳು ಅನ್ನದ ಎಲೆ ನನ್ನ ಕೈಗಿಟ್ಟು, ನಾಳೆಯಿಂದ ಇದನ್ನು ಯಾರಿಗೆ ಕೊಡಲಿ ಎಂದಳು. ಹೊಸ ಕಂಡಕ್ಟರ್ ಬರುತ್ತಾನೆ ಎಂದೆ. ಅವನು ಹೇಗೋ ಏನೋ ಎಂದು ಬೇಸರದಿಂದ ಬುಟ್ಟಿ ಹಿಡಿದು ಲೈನ್ ಮನೆಯ ಕಡೆ ನಡೆದಳು.

ಅದಾಗಿ ಮೂರು ಮಳೆಗಾಲ ಕಳೆದ ಮೇಲೆ ಶೇಷಕ್ಕ ತೀರಿಕೊಂಡ ಸುದ್ದಿ ಬಸ್ ಸ್ಟ್ಯಾಂಡಿಗೆ ಬಂತು. ನನಗೆ ತಲುಪುವ ಹೊತ್ತಿಗೆ ಹನ್ನೆರಡನೆಯ ದಿನವೂ ಕಳೆದಿತ್ತು. ಹಿಂದಿನ ದಿನದ ತನಕ ಹೂ ಕಳಿಸಿದ್ದಳು, ಪ್ರಸಾದ ಮುಟ್ಟಿರಲಿಲ್ಲ ಎಂದು ಹೊಸ ಕಂಡಕ್ಟರ್ ಹೇಳಿದ.

ಕಳೆದ ವಾರ ಟ್ರಂಕಿನ ವಾಸನೆ ತಡೆಯಲಾರದೆ ಆ ಬಸ್ಸು ಹತ್ತಿದೆ. ಹೊಳೆಗದ್ದೆಯಲ್ಲಿ ಇಳಿದೆ. ಭಟ್ರು ಇನ್ನೂ ಇದ್ದಾರೆ, ಕಣ್ಣು ಪೂರ್ತಿ ಮಂಜು, ಪೂಜೆಯನ್ನು ಅಣ್ಣನ ಮಗ ಮಾಡುತ್ತಾನೆ. ಧ್ವನಿಯಿಂದಲೇ ನನ್ನ ಗುರುತು ಹಿಡಿದರು. ಕಂಬದ ಹತ್ತಿರ, ಶೇಷಕ್ಕ ನಿಂತಿದ್ದ ಜಾಗದಲ್ಲೇ ಕೂತು ಮಾತಾಡಿದೆವು. ಅವಳು ಕೊನೆಗೂ ತಗೊಳ್ಳಲಿಲ್ಲವಲ್ಲ ಎಂದೆ.

"ಆ ಎಸ್ಟೇಟು ನಮ್ಮ ಸೀಮೆಗೆ ಸೇರಿದ್ದಲ್ಲ," ಎಂದರು. "ಅಲ್ಲಿ ಸತ್ತೋರಿಗೆ ಇಲ್ಲಿ ಬಾಗಿಲು ಹಾಕೋ ಪದ್ಧತಿ ಇಲ್ಲ. ಬೆಳಗ್ಗೆ ಬಸ್ಸಲ್ಲಿ ಹೂ ಬರ್ಲಿಲ್ಲ, ಸುದ್ದಿ ಬಂತು. ನಾನು ಬಾಗಿಲು ಹಾಕ್ದೆ. ಸಂಜೆ ಸುಟ್ಟು ಬಂದ್ರು ಅಂತ ಗೊತ್ತಾಯ್ತು. ಆದ್ರೂ ತೆಗೀಲಿಲ್ಲ. ಮಾರನೇ ದಿನದ ತನಕ ಅವನಿಗೆ ಒಂದು ಹನಿ ನೀರೂ ಇಡ್ಲಿಲ್ಲ ಮಾರಾಯ. ಅವಳಿಗೋಸ್ಕರ ಒಂದು ದಿನ ಇರ್ಲಿ ಅವನೂ ಉಪವಾಸ."

ಹೊರಡುವಾಗ ಅಣ್ಣನ ಮಗ ಬಾಳೆಲೆಯಲ್ಲಿ ನೈವೇದ್ಯದ ಅನ್ನ ಕಟ್ಟಿಕೊಟ್ಟ. ಕೊಪ್ಪದ ಕಡೆಯ ಬಸ್ಸು ಹಿಡಿಯಬೇಕಾದವನು ಎದುರು ಬಂದ ಹಾಲ್ಟಿಂಗ್ ಬಸ್ಸು ಹತ್ತಿದೆ, ಕಾಲಿನ ಅಭ್ಯಾಸ. ಎಲೆಯ ಕಟ್ಟು ತೊಡೆಯ ಮೇಲೆ ಬೆಚ್ಚಗಿತ್ತು. ಗೇಟಿನ ಬಳಿ ಎಲ್ಲರೂ ಇಳಿದು ಹೋದರು. ಶೇಷಕ್ಕನ ಲೈನ್ ಮನೆಯಲ್ಲಿ ಈಗ ಬೇರೆಯವರಿದ್ದಾರೆ, ಹಗ್ಗದ ಮೇಲೆ ಯಾರದೋ ಮಗುವಿನ ಬಟ್ಟೆ ಒಣಗುತ್ತಿತ್ತು. ನಾನು ಸುರಗಿ ಮರದ ಬುಡದಲ್ಲಿ ಕೂತು ಎಲೆ ಬಿಚ್ಚಿದೆ. ಅನ್ನ, ಬೆಲ್ಲ, ಬಿಲ್ವಪತ್ರೆ, ಭಸ್ಮ. ಅವಳು ದಿನಾ ನೋಡುತ್ತಿದ್ದ ಹಾಗೆ ಮೊದಲು ಒಂದು ಸಲ ನೋಡಿದೆ. ಸ್ವಲ್ಪ ಹೊತ್ತು ಕಾದೆ. ಬೇಡ ಎನ್ನಲು ಯಾರೂ ಬರಲಿಲ್ಲ. ಆಮೇಲೆ ಒಬ್ಬನೇ ಕೂತು ಉಂಡೆ.